ಮಾದರಿ ಸಹಿ

ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ
ಅಮ್ಮನ ತಡ್ಪೆಯ ಬದಿಯಲ್ಲಿ ಕೂತು ಬಾಯಿಪಾಠವಾದದ್ದು.
ಇಪ್ಪತ್ತೈದಕ್ಕೊಂದು ಕಟ್ಟು, ನಲುವತ್ತು ಕಟ್ಟಿಗೆ ಸಾವಿರ.
ಸಂಜೆ ಪದವಿನ ಬ್ರಾಂಚಿಗೆ ಹೊತ್ತರೆ
ಸೇಸಪ್ಪಣ್ಣ ಬೆರಳಲ್ಲಿ ಒತ್ತಿ ನೋಡಿ
ಸಡಿಲದ್ದನ್ನು ಬದಿಗೆ ತಳ್ಳುತ್ತಾರೆ.
ತಳ್ಳಿದ್ದು ಎಷ್ಟೆಂದು ನನ್ನ ಕಣ್ಣಿಗೆ ಕಾಣುತ್ತದೆ.
ಜಗಳಾಡಬಹುದು. ಆಡಿದ್ದೇನೆ.
ಉಳಿದದ್ದು ಪುಸ್ತಕಕ್ಕೆ ಏರುತ್ತದೆ.
ಪುಸ್ತಕವೆಂದರೆ ಆಗ ನಮಗೆ ಅದೇ.

ಕತೆಗಳಿಗೆ ಬಂದದ್ದು ಮೂರು ಪುಟದ ಒಪ್ಪಂದ,
ಮಂಗಳೂರಿನಿಂದ, ರಿಜಿಸ್ಟರ್ ಅಂಚೆಯಲ್ಲಿ.
‘ಲೇಖಕನು ತನ್ನ ಕೃತಿಯನ್ನು’ ಎಂದು ಶುರು.
ಲೇಖಕನು ಒಪ್ಪಿದ್ದಾನೆ, ಲೇಖಕನೇ ಹೊಣೆಗಾರನು.
ಎಂಟನೇ ಕಲಮಿನ ತನಕ
ಆ ಗಂಡಸಿನ ಹಿಂದೆ ಹಿಂದೆಯೇ ನಡೆದೆ.
ಮುಖಬೆಲೆ ನೂರ ಎಂಬತ್ತು, ರಾಯಧನ ನೂರಕ್ಕೆ ಹತ್ತು,
ಮಾರಾಟವಾದ ಪ್ರತಿಗಳಿಗೆ ಮಾತ್ರ,
ವರ್ಷಕ್ಕೊಮ್ಮೆ, ಮಾರ್ಚ್ ಕಳೆದು.
ಹತ್ತು ಪ್ರತಿ ಪುಕ್ಕಟೆ. ಹೆಚ್ಚು ಬೇಕಾದಲ್ಲಿ
ಶೇಕಡಾ ಮೂವತ್ತು ರಿಯಾಯಿತಿಯಲ್ಲಿ ಲೇಖಕನೇ ಕೊಳ್ಳತಕ್ಕದ್ದು.
ರಾಯಧನ ಎಂಬ ಮಾತು ಚಂದ ಕಂಡಿತು:
ರಾಯ ಕೊಡುವುದೋ, ರಾಯನಿಗೆ ಕೊಡುವುದೋ,
ಅದೊಂದು ಗೊತ್ತಾಗಲಿಲ್ಲ.

ಹೆಸರೂ ಅವರೇ ಕೊಟ್ಟದ್ದು.
‘ವಾರಿಜ ಅಂದರೆ ಸ್ವಲ್ಪ ಹಳತಾಯಿತು,
ಇಂಚರ ಮೀಯಪದವು ಅಂತ ಇಡುವ’ ಎಂದರು ಫೋನಿನಲ್ಲಿ.
ಇಂಚರ! ಹೊಗೆಸೊಪ್ಪಿನ ಘಾಟಿಗೆ
ಹತ್ತು ಮಾತಿಗೊಮ್ಮೆ ಕೆಮ್ಮುವ ಗಂಟಲು ನನ್ನದು.
ಇರಲಿ ಎಂದೆ.

ಎರಡನೇ ಏಪ್ರಿಲಿಗೆ ಚೆಕ್ ಬಂತು.
ಐನೂರು ಅಚ್ಚಾದದ್ದರಲ್ಲಿ ಅರುವತ್ತಮೂರು ಹೋಗಿದೆಯಂತೆ,
ಹದಿನೆಂಟರಂತೆ ಸಾವಿರದ ನೂರ ಮೂವತ್ತನಾಲ್ಕು.
ಉಳಿದ ನಾನೂರ ಚಿಲ್ಲರೆ ಎಲ್ಲಿ ಕೂತಿವೆ,
ಯಾರು ಒತ್ತಿ ನೋಡಿ ಬದಿಗೆ ತಳ್ಳಿದರು,
ಕೇಳಲು ಅಲ್ಲಿ ಕಿಟಿಕಿ ಇಲ್ಲ.
ಆದರೂ ಆ ಅಂಕೆ ನೋಡುತ್ತ ನೋಡುತ್ತ
ಅಂದು ಎಂಟು ಕಟ್ಟು ಕಮ್ಮಿ ಕಟ್ಟಿದೆ.

ಉಪ್ಪಳದ ಬ್ಯಾಂಕಿನಲ್ಲಿ ಕಣ್ಣೂರಿನ ಹುಡುಗಿ, ಶ್ರೀಷ್ಮ.
ಚೆಕ್ಕನ್ನು ಅತ್ತಿತ್ತ ತಿರುಗಿಸಿ,
‘ಇದಾರಾ ಚೇಚೀ, ಇಂಚರಾ?’
ನಾನೇ ಅಂದೆ.
ಕಂಪ್ಯೂಟರ್ ಒಪ್ಪಲಿಲ್ಲ. ಖಾತೆ ಇರುವುದು ವಾರಿಜ ಬಿ.ಗೆ,
ಆಧಾರ್ ಇರುವುದು ವಾರಿಜ ಬಿ.ಗೆ,
ಬೀಡಿಯ ಪಿ.ಎಫ್. ಸಹ ಅವಳದ್ದೇ.
ಇಂಚರಳಿಗೆ ಈ ಲೋಕದಲ್ಲಿ ಇದ್ದದ್ದು
ನೂರ ಐವತ್ತಾರು ಪುಟ ಮತ್ತು ಈ ಚೆಕ್.
ಚೀಲದಿಂದ ಪುಸ್ತಕ ತೆಗೆದು ಹಿಂಬದಿಯ ಫೋಟೋ ತೋರಿಸಿದೆ.
ಫೋಟೋ ನೋಡಿದಳು, ನನ್ನನ್ನು ನೋಡಿದಳು.
ಮುಖ ಸರಿ ಎಂದಳು. ‘ಪಕ್ಷೇ...’

ಪ್ರಕಾಶಕರಿಗೆ ಫೋನಾಯಿತು:
ಚೆಕ್ ವಾಪಸು ಕಳಿಸಿ,
ಬರುವ ವರ್ಷದ ಲೆಕ್ಕದಲ್ಲಿ ಸೇರಿಸುವ.

ಬೆನ್ನ ಹಿಂದೆ ಪಿಂಚಣಿಯವರ ಸಾಲು ಗೊಣಗಿತು.
ಶ್ರೀಷ್ಮ ಪುಸ್ತಕ ಮರಳಿಸಲಿಲ್ಲ.
ಒಂದಕ್ಷರ ಓದಲು ಬಾರದ ಪುಟದ ಮೇಲೆ ಬೆರಳಾಡಿಸಿ,
‘ವಿಲ ಎತ್ರಯಾ?’
ನೂರ ಎಂಬತ್ತು.
ಪರ್ಸು ತೆರೆದು ಎಣಿಸಿಯೇ ಬಿಟ್ಟಳು.
ಕೋಣೆಯ ಗೆಳತಿ ಪೆರ್ಲದವಳಂತೆ,
ರಾತ್ರಿ ಓದಿ ಹೇಳುತ್ತಾಳಂತೆ.

ನಾನು ಕೊಂಡದ್ದು ನೂರ ಇಪ್ಪತ್ತಾರಕ್ಕೆ.
ಮಿಕ್ಕಿತು ಐವತ್ತನಾಲ್ಕು, ಮೂರು ಪುಸ್ತಕದ ರಾಯಧನ,
ಮಾರ್ಚ್ ಕಳೆಯುವ ಮೊದಲೇ, ಕೈಯಿಂದ ಕೈಗೆ.
ಬಸ್ಸಿಗೆ ಹೋದದ್ದು ಬೇರೆ.

ಸಹಿ ಹಾಕಿ ಎಂದು ಪೆನ್ನು ಚಾಚಿದಳು,
ದಾರ ಕಟ್ಟಿದ ಬ್ಯಾಂಕಿನ ಪೆನ್ನು.
ಇಂಚರ ಎಂದು ಬರೆಯಹೋದ ಕೈ
ಮೊದಲ ಅಕ್ಷರಕ್ಕೇ ತಡೆಯಿತು,
ದಾರ ಸಾಲದ್ದಕ್ಕೋ ಏನೋ.
ವಾರಿಜ ಬಿ. ಎಂದೇ ಬರೆದೆ,
ಪಿ.ಎಫ್. ಕಾಗದಕ್ಕೆ ಹಾಕುವ ಹಾಗೆ,
ಜ-ಕಾರದ ಬಾಲ ಕೊಂಚ ಉದ್ದಕ್ಕೆ.

ಅವಳು ಪರದೆಯ ಮೇಲೆ ನನ್ನ ಮಾದರಿ ಸಹಿ ತೆಗೆದು
ಎರಡನ್ನೂ ತಾಳೆ ನೋಡಿದಳು, ಅವಸರವಿಲ್ಲದೆ.
‘ಶರಿಯಾಣ್’ ಎಂದು ಪುಸ್ತಕ ಚೀಲಕ್ಕಿಟ್ಟು
ಮುಂದಿನವರನ್ನು ಕರೆದಳು.